ಅಜ್ಜನ ರಿವಾಲ್ವರಿಗೆ ಅರ ಹಚ್ಚುವ ಮುನ್ನ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗುರಿ ತಪ್ಪಿದವನ ಮಾತೂ ಅದೇ: 'ನನ್ನ ಕೈ ಸರಿ ಉಂಟು, ರಿವಾಲ್ವರೇ ಡೊಂಕು.' ಆದರೆ ಹಳೆ ರಿವಾಲ್ವರಿನ ವಿಷಯದಲ್ಲಿ ಒಮ್ಮೊಮ್ಮೆ ನೆಲವೇ ಡೊಂಕಿರುವುದೂ ಉಂಟು. ಯಾವುದು ಡೊಂಕು ಅಂತ ತಿಳಿಯದೆ ಅರ ಕೈಗೆತ್ತಿಕೊಂಡರೆ ರಿವಾಲ್ವರೂ ಹೋಯ್ತು, ಲೈಸನ್ಸೂ ಹೋಯ್ತು. ನಸೀಬು ಕೆಟ್ಟರೆ ಮನೆ ಯಜಮಾನನೂ ಒಳಗೆ ಹೋದ.

ಕಾರವಾರ, ಅಂಕೋಲೆ ಕಡೆಯವರಿಗೆ ಕೋವಿ ಹೊಸತಲ್ಲ. ಹಂದಿ-ಮಂಗಗಳ ಕಾಟಕ್ಕೆ ಬೆಳೆ ರಕ್ಷಣೆಯ ಲೈಸನ್ಸು ಪಡೆದ ರೈತರು ಈ ಜಿಲ್ಲೆಯಲ್ಲಿ ಬಹಳ. ಚುನಾವಣೆ ಬಂತೆಂದರೆ ಠಾಣೆಗೆ ಹೊತ್ತೊಯ್ದು ಇಟ್ಟು ಬರುವ ರಗಳೆಯೂ ಗೊತ್ತಿದ್ದದ್ದೇ. ರಿವಾಲ್ವರು ಹಾಗಲ್ಲ. ಅದು ಹಂದಿ ಓಡಿಸುವ ಸಾಮಾನಲ್ಲ. ಜೀವರಕ್ಷಣೆಯ ಹೆಸರಲ್ಲಿ ಅಜ್ಜ ಇಟ್ಟುಕೊಂಡದ್ದು, ಹೆಸರು ಬದಲಾಗಿ ಮೊಮ್ಮಗನಿಗೆ ಬಂದಿರುತ್ತದೆ. ಕಪಾಟಿನಲ್ಲಿ ವರ್ಷಗಟ್ಟಲೆ ಮಲಗಿದ್ದು, ಎಂದೋ ಒಮ್ಮೆ ಗುರಿಪಟಕ್ಕೆ ಹೊಡೆದು ನೋಡಿದರೆ ಗುಂಡು ಗೇಣು ಕೆಳಗೆ!

ಇದಕ್ಕೆ ಕಾರಣ ಏನು? ಹಳೆ ರಿವಾಲ್ವರಿನಲ್ಲಿ ಗುರಿ ಹಿಡಿಯಲು ಎರಡೇ ಅಂಗ. ನಳಿಗೆಯ ತುದಿಯಲ್ಲಿ ಒಂದು ಕಬ್ಬಿಣದ ಅಲಗು, ಹಿಂದೆ ಚೌಕಟ್ಟಿನಲ್ಲೇ ಕೊರೆದ ಒಂದು ಕಚ್ಚು. ತಿರುಗಿಸಿ ಸರಿಮಾಡಲು ಸ್ಕ್ರೂ ಇಲ್ಲ, ಗಿರಕಿ ಇಲ್ಲ. ಕಾರ್ಖಾನೆಯವರು ಯಾವುದೋ ಒಂದು ತೂಕದ ಗುಂಡಿಗೆ ಲೆಕ್ಕ ಹಾಕಿ ಅಲಗಿನ ಎತ್ತರ ಇಟ್ಟಿರುತ್ತಾರೆ.

ಗುಟ್ಟು ಇರುವುದು ಇಲ್ಲೇ. ಗುಂಡು ನಳಿಗೆಯೊಳಗೆ ಇರುವಾಗಲೇ ರಿವಾಲ್ವರು ಒದ್ದು ಮೂತಿ ಮೇಲೇಳಲು ಸುರುವಾಗುತ್ತದೆ. ಭಾರದ ಗುಂಡು ನಿಧಾನವಾಗಿ ಹೊರಬೀಳುತ್ತದೆ. ಅಷ್ಟರಲ್ಲಿ ಮೂತಿ ಹೆಚ್ಚು ಎದ್ದಿರುವುದರಿಂದ ಪೆಟ್ಟು ಮೇಲೆ. ಹಗುರದ ಗುಂಡು ಬೇಗ ಹೊರಟುಬಿಡುತ್ತದೆ, ಪೆಟ್ಟು ಕೆಳಗೆ. ಬ್ರಿಟಿಷ್ ಸೇನೆ ತನ್ನ .38 ರಿವಾಲ್ವರಿಗೆ ಮೊದಲು 200 ಗ್ರೇನಿನ ಸೀಸದ ಗುಂಡು ಕೊಟ್ಟಿತ್ತು, 1930ರ ದಶಕದ ಕೊನೆಗೆ 178 ಗ್ರೇನಿನ ಕವಚದ ಗುಂಡು ತಂದಿತು. ಗುಂಡು ಬದಲಾಯಿತು ಅಂದರೆ ಗುರಿಯೂ ಬದಲಾಯಿತು ಅಂತಲೇ ಲೆಕ್ಕ. ಅಜ್ಜನ ಕಾಲದ ತೋಟೆ ಬೇರೆ, ಈಗ ಸಿಗುವ ತೋಟೆ ಬೇರೆ. ತಪ್ಪು ಕಬ್ಬಿಣದ್ದೂ ಅಲ್ಲ, ಕೈಯದ್ದೂ ಅಲ್ಲದೆ ಇರಬಹುದು.

ಕೈಯದ್ದೂ ಇರಬಹುದು, ಮತ್ತೆ! ಬಿಗಿ ಕುದುರೆ ಎಳೆಯುವಾಗ ಬಲಗೈಯವನ ಪೆಟ್ಟು ಎಡಕ್ಕೆ, ಕೆಳಕ್ಕೆ ಜಾರುವುದು ಲೋಕಾರೂಢಿ. ಅದಕ್ಕೆ ಮೊದಲು ಪಳಗಿದ ಇನ್ನೊಬ್ಬ ಲೈಸನ್ಸುದಾರ ಅಂಗೀಕೃತ ರೇಂಜಿನಲ್ಲಿ, ಮರಳು ಚೀಲದ ಮೇಲೆ ಕೈ ಊರಿ ಹೊಡೆದು ನೋಡಬೇಕು. ನಮ್ಮ ಕಡಲ ಉಪ್ಪುಗಾಳಿಯನ್ನೂ ಮರೆಯುವಂತಿಲ್ಲ. ಮಳೆಗಾಲವಿಡೀ ಚರ್ಮದ ಚೀಲದಲ್ಲಿ ಇಟ್ಟರೆ ಚರ್ಮ ನೀರು ಹೀರಿ ನಳಿಗೆಗೆ ತುಕ್ಕು ಹಿಡಿಸುತ್ತದೆ. ಮೂತಿಯ ಅಂಚು ತಿಂದುಹೋದರೆ, ಗಾಲಿ ಸಡಿಲಾದರೆ ಗುಂಡುಗಳು ದಿಕ್ಕಾಪಾಲು. ಅದಕ್ಕೆ ಅಲಗು ಅರೆದು ಪ್ರಯೋಜನ ಇಲ್ಲ.

ಐದಾರು ಗುಂಡೂ ಒಂದೇ ಕಡೆ ಗುಂಪಾಗಿ ಬಿದ್ದು, ಆ ಗುಂಪು ಮಾತ್ರ ಜಾಗ ತಪ್ಪಿದ್ದರೆ ಆಗ ಅರದ ಮಾತು. ಪೆಟ್ಟು ಕೆಳಗಿದ್ದರೆ ಮುಂದಿನ ಅಲಗು ತಗ್ಗಿಸಬೇಕು. ಅಲಗಿಗೂ ಕಚ್ಚಿಗೂ 15 ಸೆಂಟಿಮೀಟರ್ ಅಂತರ ಇದ್ದು, 10 ಮೀಟರ್ ದೂರದಲ್ಲಿ ಪೆಟ್ಟು 10 ಸೆಂಟಿಮೀಟರ್ ಕೆಳಗೆ ಬಿದ್ದರೆ, ತೆಗೆಯಬೇಕಾದ್ದು ಬರೀ ಒಂದೂವರೆ ಮಿಲಿಮೀಟರ್! ಅರದ ನಾಲ್ಕು ಎಳೆತ ಹೆಚ್ಚಾಯ್ತೋ, ಪೆಟ್ಟು ಮೇಲೆ ಹಾರಿತು. ಮೇಲೆ ಹಾರುವುದಕ್ಕೆ ಮದ್ದು ಅಲಗು ಎತ್ತರಿಸುವುದು. ಅರೆದ ಕಬ್ಬಿಣ ಮತ್ತೆ ಹತ್ತಿಕೊಳ್ಳುತ್ತದೆಯೇ? ಪಕ್ಕಕ್ಕೆ ಹೋಗುವುದಾದರೆ, ಪೆಟ್ಟು ಯಾವ ಕಡೆಗೆ ಬರಬೇಕೋ ಆ ಕಡೆಯ ಕಚ್ಚಿನ ಅಂಚು ತುಸು ಬಿಡಿಸುತ್ತಾರೆ. 1915ರ ವೆಬ್ಲಿ ಮಾರ್ಕ್ 6ರಂಥವುಗಳಲ್ಲಿ ಅಲಗನ್ನೇ ಬಿಚ್ಚಿ ಬೇರೆ ಹಾಕಬಹುದು. ಎಲ್ಲರ ಅಜ್ಜಂದಿರಿಗೂ ಅಂಥದ್ದು ಸಿಕ್ಕಿರಲಿಲ್ಲ.

'ನಮ್ಮೂರ ಆಚಾರಿ ಕತ್ತಿ-ಕೊಡಲಿ ಎಲ್ಲ ಮಾಡ್ತಾನೆ, ಇದೆಂಥಾ ದೊಡ್ಡದು?' ಅನ್ನುವವರುಂಟು. ದೊಡ್ಡದೇ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಬಂದೂಕು ರಿಪೇರಿ ಮಾಡಲಿಕ್ಕೂ, ಪರೀಕ್ಷೆ ಮಾಡಲಿಕ್ಕೂ ಪ್ರತ್ಯೇಕ ಲೈಸನ್ಸು ಬೇಕು. 2019ರ ತಿದ್ದುಪಡಿಯ ಮೇಲೆ ಆ ಕಲಮು ಮೀರಿದವನಿಗೆ ಕನಿಷ್ಠ ಶಿಕ್ಷೆ 7 ವರ್ಷ. ಪಾಪದ ಆಚಾರಿಯನ್ನು ಯಾಕೆ ಇದರಲ್ಲಿ ಸಿಕ್ಕಿಸಬೇಕು?

ಕಾರವಾರದವರಿಗೆ ಇನ್ನೊಂದು ಎಚ್ಚರಿಕೆ. ಬಟ್ಟೆಗೂ ಮಡಗಾಂವ, ಆಸ್ಪತ್ರೆಗೂ ಮಡಗಾಂವ ಅಂತ ರೂಢಿಯಾದವರು ರಿಪೇರಿಗೂ ಅಲ್ಲಿಗೇ ಹೊರಟಾರು. ಮಾಜಾಳಿ ದಾಟಿ ಪೋಳೆಂ ತಲುಪಿದರೆ ರಾಜ್ಯವೇ ಬೇರೆ. ಲೈಸನ್ಸು ಯಾವ ಪ್ರದೇಶಕ್ಕೆ ಅಂತ ಬರೆದಿದೆಯೋ ನೋಡಿಕೊಳ್ಳದೆ ಹೋದರೆ ಚೆಕ್‌ಪೋಸ್ಟಿನಲ್ಲೇ ಪ್ರಯಾಣ ಮುಗಿಯಿತು. ಅಂಕೋಲೆಯವರಾಗಲಿ ಕಾರವಾರದವರಾಗಲಿ, ಸಂಶಯವಿದ್ದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಒಂದು ಮಾತು ಕೇಳಿ ಹೊರಡುವುದು ಕ್ಷೇಮ.

ಇಷ್ಟೆಲ್ಲ ಉಪದ್ವ್ಯಾಪ ಯಾಕೆ, ಇದ್ದ ಹಾಗೇ ಇರಲಿ ಅಂದರೂ ಆಗದು. 10 ಮೀಟರಿಗೆ ಗೇಣು ತಪ್ಪುವ ಗುಂಡು ಗುರಿ ಬಿಟ್ಟ ಮೇಲೆ ಅಲ್ಲೇ ನಿಲ್ಲುವುದಿಲ್ಲ. ಬೇಲಿಯಾಚೆ ಇನ್ನೊಬ್ಬರ ಅಂಗಳ ಉಂಟು, ಅಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಸರಿಮಾಡಿಸುವುದಿದ್ದರೆ ಬಲ್ಲವನ ಕೈಯಲ್ಲಿ ಸರಿಮಾಡಿಸಿ. ಇಲ್ಲದಿದ್ದರೆ ಕಾಯ್ದೆ ಪ್ರಕಾರ ಒಪ್ಪಿಸಿ ಕೈ ತೊಳೆದುಕೊಳ್ಳಿ. ಅಜ್ಜನ ನೆನಪಿಗೆ ಗೋಡೆಯ ಮೇಲಿನ ಫೋಟೋ ಸಾಕು.