ಯಾವೂರಿಂದ ಮಾತಾಡ್ತಿದ್ದೀರಿ?

ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರು ಹೆಸರು ಕೇಳುವ ಮೊದಲು ಊರು ಕೇಳುತ್ತಾರೆ. ‘ಯಾವೂರಾಯ್ತು ನಿಮ್ಮದು?’ ಊರು ಗೊತ್ತಾದರೆ ಸಾಕು. ಮಳೆ, ಬೆಳೆ, ರಸ್ತೆ, ಜಾತ್ರೆ ಎಲ್ಲ ಒಂದರ ಹಿಂದೊಂದು ಬರುತ್ತವೆ. ಶಿಕಾಗೊದ ರೇಡಿಯೊ ಕೇಳತೊಡಗಿದ ಹೊಸತರಲ್ಲಿ ನನಗೆ ಆಪ್ತವೆನಿಸಿದ್ದು ಇದೇ ಪ್ರಶ್ನೆ. ಬೆಳಗಿನ ಮಾತುಕತೆಗೆ ಯಾರೇ ಫೋನ್ ಮಾಡಲಿ, ನಿರೂಪಕರು ಹೆಸರಿನ ಜೊತೆಗೆ ಅವರ ಬಡಾವಣೆಯನ್ನೂ ಹೇಳಿ ಬರಮಾಡಿಕೊಳ್ಳುತ್ತಿದ್ದರು. ಪಿಲ್ಸೆನ್‌ನಿಂದ ಒಬ್ಬರು, ಬ್ರಾಂಜ್‌ವಿಲ್‌ನಿಂದ ಒಬ್ಬರು, ರಾಜರ್ಸ್ ಪಾರ್ಕ್‌ನಿಂದ ಇನ್ನೊಬ್ಬರು. ಉಪನಗರದಲ್ಲಿ ಮನೆ, ಉಪನಗರದಲ್ಲೇ ಕಚೇರಿ ಆಗಿದ್ದ ನನ್ನ ಪಾಲಿಗೆ ಅಲ್ಲಿಯವರೆಗೆ ಶಿಕಾಗೊ ಎಂದರೆ ಸರೋವರದ ದಂಡೆಯ ಎತ್ತರದ ಕಟ್ಟಡಗಳು ಮತ್ತು ಡೆವನ್ ಅವೆನ್ಯೂದ ಭಾರತೀಯ ದಿನಸಿ ಅಂಗಡಿಗಳು, ಅಷ್ಟೇ. ಆ ಊರಲ್ಲಿ ಅಧಿಕೃತವಾಗಿ ಗುರುತಿಸಿದ 77 ಪ್ರದೇಶಗಳಿವೆ ಎಂದು ತಿಳಿದದ್ದು ರೇಡಿಯೊದಿಂದ. ಪಿಲ್ಸೆನ್‌ಗೆ ಆ ಹೆಸರು ಕೊಟ್ಟವರು ಬೊಹೀಮಿಯಾದಿಂದ ಬಂದ ವಲಸಿಗರು, ಆಮೇಲೆ ಅಲ್ಲಿ ನೆಲೆಸಿದವರು ಮೆಕ್ಸಿಕೊದವರು ಎಂಬುದನ್ನೂ ಹಾಗೇ ತಿಳಿದೆ. ಒಂದು ಊರಿನಲ್ಲಿ ಮನೆ ಮಾಡುವುದು ಬೇರೆ, ಆ ಊರಿನವರಾಗುವುದು ಬೇರೆ. ಎರಡನೆಯದಕ್ಕೆ ನನಗೆ ಬಾಗಿಲು ತೆರೆದದ್ದು 91.5 ಎಫ್‌ಎಂ, ಅಂದರೆ ಡಬ್ಲ್ಯುಬಿಇಝಡ್.

ಅಮೆರಿಕದಲ್ಲಿ ಇಂಥ ಕೇಂದ್ರಗಳನ್ನು ‘ಪಬ್ಲಿಕ್ ರೇಡಿಯೊ’ ಎನ್ನುತ್ತಾರೆ. ಇವು ನಮ್ಮ ಆಕಾಶವಾಣಿಯ ಹಾಗೆ ಸರ್ಕಾರದವಲ್ಲ, ಖಾಸಗಿ ಎಫ್‌ಎಂಗಳ ಹಾಗೆ ಜಾಹೀರಾತನ್ನೇ ನಂಬಿದವೂ ಅಲ್ಲ. ವಿಶ್ವವಿದ್ಯಾಲಯವೋ, ಲಾಭದ ಉದ್ದೇಶವಿಲ್ಲದ ಸಂಸ್ಥೆಯೋ ನಡೆಸುತ್ತದೆ. ಕೇಳುಗರು ತಾವಾಗಿ ಕೊಡುವ ಚಂದಾ ಹಣ ಬೆನ್ನಿಗಿರುತ್ತದೆ. ಹಗಲಿನ ಹೆಚ್ಚು ಹೊತ್ತು ಎನ್‌ಪಿಆರ್ ಎಂಬ ರಾಷ್ಟ್ರೀಯ ಜಾಲದ ಸುದ್ದಿ ಮತ್ತು ಕಾರ್ಯಕ್ರಮಗಳು. ಅವು ದೇಶಕ್ಕೆಲ್ಲ ಒಂದೇ. ಊರಿನ ದನಿ ಕೇಳುವುದು ಸ್ಥಳೀಯ ಟಾಕ್ ಶೋಗೆಂದು ಮೀಸಲಿಟ್ಟ ಒಂದೆರಡು ಗಂಟೆಗಳಲ್ಲಿ.

1943ರಲ್ಲಿ ಶುರುವಾದಾಗ ಡಬ್ಲ್ಯುಬಿಇಝಡ್ ಶಿಕಾಗೊದ ಶಿಕ್ಷಣ ಮಂಡಳಿಯ ಸ್ವತ್ತು. ತರಗತಿಗಳಿಗೆ ಪಾಠ ಪ್ರಸಾರ ಮಾಡುವುದು ಅದರ ಕೆಲಸ. ‘ಕೇಳಿ ಕಲಿ’ ರೇಡಿಯೊ ಪಾಠ ಕೇಳಿ ಬೆಳೆದ ನಮ್ಮ ಶಾಲೆಗಳ ಮಕ್ಕಳಿಗೆ ಇದರಲ್ಲಿ ಹೊಸತೇನೂ ಕಾಣದು. ಮೇಷ್ಟ್ರಿಗೂ ರೇಡಿಯೊಗೂ ನಮ್ಮಲ್ಲಿ ನಂಟು ಅದಕ್ಕಿಂತ ಹಳೆಯದು: ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದ ಪ್ರಸಾರ ಆರಂಭಿಸಿದ್ದು 1935ರಲ್ಲಿ. ಮೈಸೂರಿನ ಕೇಂದ್ರ ಮುಂದೆ ಸರ್ಕಾರದ ಕೈಗೆ ಹೋಯಿತು; ಶಿಕಾಗೊದ್ದು 1990ರಲ್ಲಿ ಶಿಕ್ಷಣ ಮಂಡಳಿಯ ಕೈಯಿಂದ ಸ್ವತಂತ್ರ ಸಂಸ್ಥೆಯ ಕೈಗೆ ಬಂತು. ಹಾಗೆ ಬಂದ ಮೇಲೆ ಅದಕ್ಕೆ ಕಸುವು ಬಂತು. ಜಗತ್ತೇ ಕೇಳುವ ‘ದಿಸ್ ಅಮೆರಿಕನ್ ಲೈಫ್’ 1995ರಲ್ಲಿ ಹುಟ್ಟಿದ್ದು ಇಲ್ಲಿಯೇ.

ಆದರೆ ನಾನು ಹೇಳಬೇಕಾದದ್ದು ಜಗತ್ತು ಕೇಳದ ಕಾರ್ಯಕ್ರಮಗಳ ಬಗ್ಗೆ. ಕೆಲವು ವರ್ಷ ಬೆಳಗಿನ ಕಾರ್ಯಕ್ರಮದ ಹೆಸರು ‘ಏಯ್ಟ್ ಫಾರ್ಟಿ-ಏಯ್ಟ್’ ಎಂದಿತ್ತು. ನೇವಿ ಪಿಯರ್‌ನಲ್ಲಿರುವ ಸ್ಟುಡಿಯೊದ ವಿಳಾಸ 848, ಈಸ್ಟ್ ಗ್ರ್ಯಾಂಡ್ ಅವೆನ್ಯೂ. ಮನೆ ನಂಬರನ್ನೇ ಹೆಸರಾಗಿಟ್ಟು ‘ಇಂಥಲ್ಲಿ ಇದ್ದೇವೆ, ಬನ್ನಿ’ ಎಂದು ಕರೆದಂತಿದ್ದ ಆ ಹೆಸರು ನನಗೆ ಈಗಲೂ ಇಷ್ಟ. ಆಮೇಲೆ ‘ಮಾರ್ನಿಂಗ್ ಶಿಫ್ಟ್’ ಬಂತು, 2019ರಲ್ಲಿ ಜೆನ್ ವೈಟ್ ನಿರೂಪಣೆಯ ‘ರೀಸೆಟ್’ ಬಂತು. ಅವರ ನಂತರ ಸಾಶಾ-ಆ್ಯನ್ ಸೈಮನ್ಸ್ ಅದನ್ನು ನಡೆಸಿದರು. ಶುಕ್ರವಾರ ಊರಿನ ಪತ್ರಕರ್ತರು ಕೂತು ವಾರದ ಸುದ್ದಿಯ ಮೇಲೆ ಮಾತಾಡುತ್ತಿದ್ದರು: ಮೇಯರ್ ಏನು ಹೇಳಿದರು, ಶಿಕ್ಷಕರ ಸಂಘ ಏನು ಕೇಳುತ್ತಿದೆ, ರೈಲು ಯಾಕೆ ತಡ. ‘ರೀಸೆಟ್’ನಲ್ಲಿ ನಾನು ಕಾದು ಕೇಳುತ್ತಿದ್ದದ್ದು ಡೆನಿಸ್ ರಾಡ್ಕಿನ್ ಎಂಬ ಪತ್ರಕರ್ತರ ‘ಆ ಕಟ್ಟಡ ಯಾವುದು?’ ಎಂಬ ಭಾಗ. ದಿನವೂ ಎದುರಿಗೆ ಹಾದುಹೋಗಿ ಯಾರೂ ತಲೆಯೆತ್ತಿ ನೋಡದ ಒಂದು ಕಟ್ಟಡವನ್ನು ಹಿಡಿದು, ಅದನ್ನು ಯಾರು ಕಟ್ಟಿಸಿದರು, ಅಲ್ಲಿ ಯಾರು ಇದ್ದರು, ಈಗ ಏನಾಗಿದೆ ಎಂದು ಹೇಳುತ್ತಿದ್ದರು. ಇದೇ ಕೇಂದ್ರದ ‘ಕ್ಯೂರಿಯಸ್ ಸಿಟಿ’ 2012ರಲ್ಲಿ ಶುರುವಾದದ್ದು. ಅದರಲ್ಲಿ ಪ್ರಶ್ನೆ ಕೇಳುವವರು ಕೇಳುಗರು, ಉತ್ತರ ಹುಡುಕುವವರು ವರದಿಗಾರರು, ಎಷ್ಟೋ ಸಲ ಪ್ರಶ್ನೆ ಕೇಳಿದವರನ್ನೂ ಜೊತೆಗೆ ಕರೆದುಕೊಂಡು.

ಇಂಥ ಒಂದು ಗಂಟೆ ಹೇಗೆ ತಯಾರಾಗುತ್ತದೆ? ಕೇಳುವವರಿಗೆ ಇಬ್ಬರು ಕೂತು ಹರಟಿದಂತೆ ಅನಿಸುತ್ತದೆ. ಅಷ್ಟು ಸಲೀಸಾಗಿ ಕೇಳಿಸಲೆಂದೇ ಹಲವರು ಹಿಂದೆ ದುಡಿದಿರುತ್ತಾರೆ. ಪ್ರೊಡ್ಯೂಸರ್‌ಗಳು ವಿಷಯ ಆರಿಸಿ, ಅತಿಥಿಯೊಂದಿಗೆ ಮೊದಲೇ ಫೋನಿನಲ್ಲಿ ಮಾತಾಡಿ, ಅವರಿಗೆ ನಿಜಕ್ಕೂ ಏನು ಗೊತ್ತಿದೆ, ಎಲ್ಲಿ ಮಾತು ಬಿಸಿಯಾಗುತ್ತದೆ ಎಂದು ತಿಳಿದು ನಿರೂಪಕರಿಗೆ ಟಿಪ್ಪಣಿ ಬರೆದುಕೊಡುತ್ತಾರೆ. ನೇರ ಪ್ರಸಾರದ ಹೊತ್ತಿಗೆ ಬರುವ ಕರೆಗಳನ್ನು ಎತ್ತಿಕೊಳ್ಳಲು ಒಬ್ಬರು ಬೇರೆಯೇ ಇರುತ್ತಾರೆ. ಹೆಸರು, ಊರು, ಹೇಳಬೇಕಾದ್ದು ಏನು ಎಂದು ಕೇಳಿ ಒಂದು ಸಾಲಿನಲ್ಲಿ ಬರೆಯುತ್ತಾರೆ. ಆ ಸಾಲು ನಿರೂಪಕರ ಪರದೆಯ ಮೇಲೆ ಮೂಡುತ್ತದೆ. ನಿರೂಪಕರು ಎದುರಿಗಿರುವ ಅತಿಥಿಯ ಮಾತು ಕೇಳುತ್ತ, ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಪ್ರೊಡ್ಯೂಸರ್ ಹೇಳಿದ್ದನ್ನೂ ಕೇಳುತ್ತ, ಮುಂದಿನ ಕರೆ ಯಾವುದೆಂದು ನೋಡುತ್ತ, ಗಡಿಯಾರದ ಮೇಲೂ ಕಣ್ಣಿಡಬೇಕು. ಗಂಟೆ ಹೊಡೆಯುವುದಕ್ಕೆ ಸರಿಯಾಗಿ ರಾಷ್ಟ್ರೀಯ ಸುದ್ದಿ ಬಂದೇ ಬರುತ್ತದೆ, ಅದು ಯಾರಿಗೂ ಕಾಯುವುದಿಲ್ಲ. ಆದ್ದರಿಂದ ಗದ್ಗದಿತರಾಗಿ ಮಾತಾಡುತ್ತಿರುವ ತಾಯಿಯೊಬ್ಬರ ಮಾತನ್ನು ನೋಯಿಸದೆ ಮುಗಿಸುವುದು ಹೇಗೆಂದು ಗೊತ್ತಿರಬೇಕು. ನನ್ನ ಮಟ್ಟಿಗೆ ಈ ಕಸುಬಿನ ಅತಿ ಕಷ್ಟದ ಭಾಗ ಅದೇ.

ಕೇಳುವ ಕಲೆಯ ಮಾತು ಬಂದಾಗ ಶಿಕಾಗೊದಲ್ಲಿ ಸ್ಟಡ್ಸ್ ಟರ್ಕಲ್ ಅವರ ಹೆಸರೆತ್ತದೆ ಮುಂದೆ ಹೋಗುವಂತಿಲ್ಲ. ಅವರು ಡಬ್ಲ್ಯುಬಿಇಝಡ್‌ನವರಲ್ಲ, ಶಾಸ್ತ್ರೀಯ ಸಂಗೀತದ ಕೇಂದ್ರವಾದ ಡಬ್ಲ್ಯುಎಫ್‌ಎಂಟಿಯಲ್ಲಿ 1952ರಿಂದ 1997ರವರೆಗೆ, 45 ವರ್ಷ, ಜನರನ್ನು ಮಾತಾಡಿಸಿದರು. ಮಾರ್ಟಿನ್ ಲೂಥರ್ ಕಿಂಗ್, ಜೇಮ್ಸ್ ಬಾಲ್ಡ್ವಿನ್, ಬಾಬ್ ಡಿಲನ್ ಅವರನ್ನೂ ಮಾತಾಡಿಸಿದರು, ಉಕ್ಕಿನ ಕಾರ್ಖಾನೆಯ ಕೂಲಿಯನ್ನೂ ಹೋಟೆಲಿನ ಮಾಣಿಯನ್ನೂ ಅಷ್ಟೇ ಆದರದಿಂದ ಮಾತಾಡಿಸಿದರು. ಲೇಖಕರು ಬಂದರೆ ಅವರ ಪುಸ್ತಕವನ್ನು ಪೂರ್ತಿ ಓದಿ, ಅಡಿಗೆರೆ ಎಳೆದು, ಅಂಚಿನಲ್ಲಿ ಬರೆದುಕೊಂಡೇ ಕೂರುತ್ತಿದ್ದರು. ಕಾರು ಓಡಿಸಲು ಅವರು ಎಂದೂ ಕಲಿಯಲಿಲ್ಲ. ಕಾರಿಲ್ಲದೆ ಕಾಲಾಡದ ದೇಶದಲ್ಲಿ ಬಸ್ಸಿನಲ್ಲೇ ಓಡಾಡಿ, ಪಕ್ಕ ಕೂತವರೊಂದಿಗೆ ಮಾತಿಗಿಳಿಯುತ್ತಿದ್ದರು. ಟೇಪ್ ರೆಕಾರ್ಡರ್ ಬಳಸಲು ತಡವರಿಸುತ್ತಿದ್ದರು. ಅದನ್ನು ಕಂಡು ಎದುರಿನವರು ಸಹಾಯಕ್ಕೆ ಬರುತ್ತಿದ್ದರು, ಅಷ್ಟರಲ್ಲಿ ಅವರ ಅಂಜಿಕೆ ಕರಗಿರುತ್ತಿತ್ತು. ದುಡಿಮೆಯ ಬಗ್ಗೆ ದುಡಿಯುವವರೇ ಹೇಳಿದ ‘ವರ್ಕಿಂಗ್’ ಪುಸ್ತಕ 1974ರಲ್ಲಿ ಬಂತು. ಎರಡನೆಯ ಮಹಾಯುದ್ಧದ ನೆನಪುಗಳ ‘ದಿ ಗುಡ್ ವಾರ್’ಗೆ 1985ರಲ್ಲಿ ಪುಲಿಟ್ಜರ್ ಸಿಕ್ಕಿತು. ತೀರಿಕೊಂಡದ್ದು 2008ರಲ್ಲಿ, 96ನೇ ವಯಸ್ಸಿನಲ್ಲಿ.

ಟರ್ಕಲ್ ರೇಡಿಯೊದಲ್ಲಿದ್ದ ವರ್ಷಗಳಲ್ಲೇ ಅದೇ ಊರಿನ ದಕ್ಷಿಣ ಭಾಗದಲ್ಲಿ, ಶಿಕಾಗೊ ವಿಶ್ವವಿದ್ಯಾಲಯದಲ್ಲಿ, ನಮ್ಮ ಎ.ಕೆ. ರಾಮಾನುಜನ್ ಇದ್ದರು. 1962ರಿಂದ 1993ರಲ್ಲಿ ಕಣ್ಮುಚ್ಚುವವರೆಗೆ ಅದೇ ಅವರ ಊರು. ಅಡುಗೆಮನೆಯಲ್ಲಿ ಅಜ್ಜಿಯರು ಹೇಳಿದ ಕನ್ನಡದ ಕಥೆಗಳನ್ನು ಅವರು ಕೂಡಿಟ್ಟುಕೊಂಡಿದ್ದರು. ಸಾಮಾನ್ಯರ ಬಾಯಿಮಾತಿಗೆ ಗ್ರಂಥದ ಗೌರವ ಕೊಟ್ಟ ಇಬ್ಬರು ಮೂರು ದಶಕ ಒಂದೇ ಸರೋವರದ ಗಾಳಿ ಕುಡಿದರು ಎಂದು ನೆನೆದಾಗಲೆಲ್ಲ ನನಗೆ ಹಿಗ್ಗು.

ಇಂಥ ಊರ ರೇಡಿಯೊ ಇರುವುದು ಶಿಕಾಗೊದಲ್ಲಷ್ಟೇ ಅಲ್ಲ. ಶಿಕಾಗೊದಿಂದ ಡೆಟ್ರಾಯಿಟ್‌ಗೆ ಐ-94 ಹೆದ್ದಾರಿಯಲ್ಲಿ ಸುಮಾರು 450 ಕಿಲೋಮೀಟರ್. ಕಾರಿನ ರೇಡಿಯೊದಲ್ಲಿ ಈ ದಾರಿಯನ್ನು ಕಿವಿಯಿಂದಲೇ ಗುರುತಿಸಬಹುದು. ಇಂಡಿಯಾನಾ ದಾಟುವಷ್ಟರಲ್ಲಿ 91.5 ಗೊರಗೊರ ಎನ್ನತೊಡಗುತ್ತದೆ. ಕಲಮಜೂ ಸುತ್ತ ಅಲ್ಲಿನ ವಿಶ್ವವಿದ್ಯಾಲಯದ ಡಬ್ಲ್ಯುಎಂಯುಕೆ ಸಿಗುತ್ತದೆ. ಆ್ಯನ್ ಆರ್ಬರ್ ಹತ್ತಿರ ಬಂದಂತೆ 91.7ರಲ್ಲಿ ಮಿಷಿಗನ್ ಪಬ್ಲಿಕ್. ಫ್ಲಿಂಟ್ ಊರಿನ ಕುಡಿಯುವ ನೀರಿನಲ್ಲಿ ಸೀಸ ಸೇರಿದ ದುರಂತವನ್ನು ಬೆನ್ನು ಬಿಡದೆ ವರದಿ ಮಾಡಿದ ಕೇಂದ್ರ ಅದು. 2014ರ ಏಪ್ರಿಲ್‌ನಲ್ಲಿ ಊರಿನ ನೀರಿನ ಮೂಲ ಬದಲಾಯಿಸಿದ್ದರು. ಬಣ್ಣಗೆಟ್ಟ ನೀರು ಹಿಡಿದು ಜನ ಸಭೆಗಳಿಗೆ ಬಂದರೂ ಅಧಿಕಾರಿಗಳು ಸುರಕ್ಷಿತವೆಂದೇ ಹೇಳುತ್ತಿದ್ದರು. ಹಾಗೆ ಬಂದವರ ಮಾತನ್ನು ಕೇಳಿ ದಾಖಲಿಸಿದವರಲ್ಲಿ ಊರ ರೇಡಿಯೊ ಇತ್ತು. ಮತ್ತೂ ಮುಂದೆ ಹೋದರೆ 101.9, ಡೆಟ್ರಾಯಿಟ್‌ನ ಡಬ್ಲ್ಯುಡಿಇಟಿ. ಅಷ್ಟರಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗಿರುತ್ತದೆ. ಎರಡು ಊರಿಗೂ ಕಾಲಮಾನ ಬೇರೆ.

ಡಬ್ಲ್ಯುಡಿಇಟಿಯ ಹುಟ್ಟಿನ ಕಥೆ ನನಗೆ ಇನ್ನೂ ಪ್ರಿಯ. 1948ರಲ್ಲಿ ಅದನ್ನು ಶುರು ಮಾಡಿದ್ದು ಮೋಟಾರು ಕಾರ್ಮಿಕರ ಸಂಘ, ಯುಎಡಬ್ಲ್ಯು. ಕಾರ್ಖಾನೆಯ ಕೆಲಸಗಾರರು ತಮ್ಮ ಮಾತಿಗೆ ತಮ್ಮದೇ ಕೇಂದ್ರ ಬೇಕೆಂದು ಕಟ್ಟಿಕೊಂಡದ್ದು. ನಾಲ್ಕು ವರ್ಷದ ಮೇಲೆ, 1952ರಲ್ಲಿ, ಸಂಘ ಅದನ್ನು ಒಂದು ಡಾಲರಿಗೆ ವೇಯ್ನ್ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟಿತು. ಈಗಲೂ ಅದು ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದ್ದೇ.

ಡೆಟ್ರಾಯಿಟ್‌ನ ಜನಸಂಖ್ಯೆ 1950ರಲ್ಲಿ 18 ಲಕ್ಷ ದಾಟಿತ್ತು, 2020ರ ಗಣತಿಯಲ್ಲಿ 6.4 ಲಕ್ಷ ಮುಟ್ಟಲಿಲ್ಲ. 2013ರ ಜುಲೈನಲ್ಲಿ ನಗರ ದಿವಾಳಿ ಅರ್ಜಿ ಹಾಕಿತು. ನಿವೃತ್ತರ ಪಿಂಚಣಿ ಏನಾಗುತ್ತದೆ, ಕಲಾಸಂಗ್ರಹಾಲಯದ ಚಿತ್ರಗಳನ್ನು ಮಾರುತ್ತಾರೆಯೇ ಎಂದು ಊರು ತಲ್ಲಣಿಸುತ್ತಿದ್ದ ದಿನಗಳವು. ಆ ದಿನಗಳ ಬಗ್ಗೆ ‘ಡೆಟ್ರಾಯಿಟ್ ಫ್ರೀ ಪ್ರೆಸ್’ನಲ್ಲಿ ಬರೆದ ಅಂಕಣಗಳಿಗೆ 2014ರ ಪುಲಿಟ್ಜರ್ ಪಡೆದ ಸ್ಟೀಫನ್ ಹೆಂಡರ್ಸನ್ ಮುಂದೆ ಡಬ್ಲ್ಯುಡಿಇಟಿಯ ‘ಡೆಟ್ರಾಯಿಟ್ ಟುಡೇ’ ಎಂಬ ಟಾಕ್ ಶೋದ ನಿರೂಪಕರಾದರು. ಅವರು ಆ ಊರಿನ ಮಗ. ಟಕ್ಸೀಡೊ ಬೀದಿಯಲ್ಲಿ ಪಾಳುಬಿದ್ದಿದ್ದ ತಮ್ಮ ಬಾಲ್ಯದ ಮನೆಯನ್ನು ಸರಿಮಾಡಿಸಿ ಸಾಹಿತ್ಯದ ಮತ್ತು ನೆರೆಹೊರೆಯವರ ಕೇಂದ್ರವಾಗಿ ಮಾಡಿದರು. ಇಂಥವರು ಕರೆ ಮಾಡಿದವರನ್ನು ‘ನೀವು ಯಾವ ಬೀದಿಯವರು?’ ಎಂದು ಕೇಳಿದರೆ ಆ ಬೀದಿ ಅವರಿಗೆ ಗೊತ್ತಿರುತ್ತದೆ, ಅಲ್ಲಿ ಯಾವ ಮನೆಗಳು ಉಳಿದಿವೆ ಎಂಬುದೂ ಗೊತ್ತಿರುತ್ತದೆ. ಈಚಿನ ವರ್ಷಗಳಲ್ಲಿ ಸ್ಥಳೀಯ ಮಾತುಕತೆಯನ್ನು ಮುಂದುವರಿಸಿರುವುದು ‘ದಿ ಮೆಟ್ರೊ’.

ಹಣದ ಮಾತು ಹೇಳಲೇಬೇಕು. ವರ್ಷದಲ್ಲಿ ಕೆಲವು ಸಲ ಕೇಂದ್ರದವರು ಕಾರ್ಯಕ್ರಮದ ನಡುವೆ ಚಂದಾ ಕೇಳುತ್ತಾರೆ. ತಿಂಗಳಿಗೆ ಐದು ಹತ್ತು ಡಾಲರ್ ಕೊಟ್ಟವರಿಗೆ ಒಂದು ಕಾಫಿ ಮಗ್, ಒಂದು ಬಟ್ಟೆ ಚೀಲ. ಹಳೆ ಕಾರನ್ನೇ ದಾನ ಕೊಡುವವರಿದ್ದಾರೆ. ಕೊಡದವರಿಗೂ ರೇಡಿಯೊ ಕೇಳಿಸುತ್ತದೆ, ಆದರೂ ಜನ ಕೊಡುತ್ತಾರೆ; ಗಣೇಶ ಕೂರಿಸುವ ಹುಡುಗರಿಗೆ ಚಂದಾ ಕೊಟ್ಟು ಬೆಳೆದ ನನಗೆ ಈ ರೀತಿ ಸುಲಭವಾಗಿ ಅರ್ಥವಾಯಿತು. ಇದರ ಜೊತೆಗೆ, 1967ರ ಕಾಯ್ದೆಯಿಂದ ಹುಟ್ಟಿದ ನಿಗಮವೊಂದರ ಮೂಲಕ ಕೇಂದ್ರ ಸರ್ಕಾರದ ಅನುದಾನವೂ ಬರುತ್ತಿತ್ತು. 2025ರ ಜುಲೈನಲ್ಲಿ ಅಮೆರಿಕದ ಸಂಸತ್ತು ಆ ಅನುದಾನದ ಸುಮಾರು 110 ಕೋಟಿ ಡಾಲರನ್ನು ಹಿಂದಕ್ಕೆ ತೆಗೆದುಕೊಂಡಿತು. ಕೆಲವೇ ದಿನಗಳಲ್ಲಿ ನಿಗಮ ಬಾಗಿಲು ಮುಚ್ಚುವುದಾಗಿ ಹೇಳಿತು. ದೊಡ್ಡ ಊರಿನ ಕೇಂದ್ರಗಳಿಗೆ ಇದು ಆದಾಯದ ಚಿಕ್ಕ ಪಾಲು, ಹಳ್ಳಿಗಾಡಿನವಕ್ಕೆ ದೊಡ್ಡ ಪಾಲು ಆಗಿತ್ತು. ಹಾಗೆಂದು ಶಿಕಾಗೊ ನಿಶ್ಚಿಂತೆಯಿಂದಿಲ್ಲ. 2024ರ ಏಪ್ರಿಲ್‌ನಲ್ಲಿಯೇ ಅಲ್ಲಿ 14 ಜನ ಕೆಲಸ ಕಳೆದುಕೊಂಡರು. ಕಾಲು ಶತಮಾನ ಜಗತ್ತಿನ ಸುದ್ದಿಯನ್ನು ಊರಿನ ವಲಸಿಗರ ಬಾಯಿಂದಲೂ ಕೇಳಿಸುತ್ತಿದ್ದ ‘ವರ್ಲ್ಡ್‌ವ್ಯೂ’ 2019ರಲ್ಲಿ ನಿಂತಿತ್ತು. ಅದು ನಿಂತದ್ದು ನನಗೆ ಇಂದಿಗೂ ನೋವಿನ ಸಂಗತಿ.

ಶಿಕಾಗೊದಲ್ಲಿ ವಿದ್ಯಾರಣ್ಯ ಕನ್ನಡ ಕೂಟವಿದೆ, ಡೆಟ್ರಾಯಿಟ್ ಕಡೆ ಪಂಪ ಕನ್ನಡ ಕೂಟವಿದೆ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ಸಮ್ಮೇಳನ 2002ರಲ್ಲಿ ಡೆಟ್ರಾಯಿಟ್‌ನಲ್ಲಿ, 2008ರಲ್ಲಿ ಶಿಕಾಗೊದಲ್ಲಿ ನಡೆಯಿತು. ನಮ್ಮ ಜನ ನಾಟಕ ಆಡುತ್ತಾರೆ, ರಾಜ್ಯೋತ್ಸವ ಮಾಡುತ್ತಾರೆ, ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ಆದರೆ ನೇಪರ್‌ವಿಲ್, ಟ್ರಾಯ್‌ನಂಥ ಉಪನಗರಗಳಿಂದ ಫೋನ್ ಮಾಡಿ ತಮ್ಮ ಬೀದಿಯ ಬಗ್ಗೆ, ಶಾಲೆಯ ಬಗ್ಗೆ ಒಂದು ಮಾತು ಹೇಳುವ ಕನ್ನಡದ ದನಿ ನಾನು ಕೇಳಿದ್ದು ಕಡಿಮೆ. ನಾನೂ ವರ್ಷಗಟ್ಟಲೆ ಬರೀ ಕೇಳಿದವನೇ. ಒಂದು ಸಲ, ಉಪನಗರದ ರೈಲಿನ ಬಗ್ಗೆ ಮಾತು ನಡೆದಿದ್ದಾಗ, ಕಾರು ಪಕ್ಕಕ್ಕೆ ನಿಲ್ಲಿಸಿ ನಂಬರ್ ಒತ್ತಿದೆ. ಹೆಣ್ಣುಮಗಳೊಬ್ಬಳು ಎತ್ತಿಕೊಂಡು ಹೆಸರು ಕೇಳಿದಳು, ಅಕ್ಷರ ಅಕ್ಷರ ಬಿಡಿಸಿ ಬರೆದುಕೊಂಡಳು, ಸರಿಯಾಗಿ ಉಚ್ಚರಿಸಿದೆನೇ ಎಂದು ಎರಡು ಸಲ ಹೇಳಿ ನೋಡಿದಳು. ಆಮೇಲೆ ಕೇಳಿದಳು, ಯಾವೂರಿಂದ ಮಾತಾಡ್ತಿದ್ದೀರಿ ಅಂತ. ಮೈಸೂರು ಎಂದು ಬಾಯಿಗೆ ಬಂದಿತ್ತು. ಒಂದು ಗಳಿಗೆ ತಡೆದು, ನಾನಿದ್ದ ಬೀದಿಯ ಹೆಸರು ಹೇಳಿದೆ.