ಬಿಸಿಯಾಗದ ವರ್ಧಕ

ಗಾಯಕನು ಮೈಕ್ರೊಫೋನಿನ ಮುಂದೆ ಹಾಡಿದಾಗ ಅವನ ಸ್ವರವು ಅತಿ ಕ್ಷೀಣವಾದ ವಿದ್ಯುತ್ ಸಂಕೇತವಾಗಿ ಮಾರ್ಪಡುತ್ತದೆ. ಲೌಡ್‌ಸ್ಪೀಕರಿನೊಳಗಿನ ಕಾಗದದ ಶಂಕುವನ್ನು ಅಲುಗಿಸುವಷ್ಟು ಬಲ ಆ ಸಂಕೇತಕ್ಕೆ ಇರುವುದಿಲ್ಲ. ಅದಕ್ಕೆ ಬಲವನ್ನು ತುಂಬಿಕೊಡುವ ಸಾಧನವೇ ಆಂಪ್ಲಿಫೈಯರ್ ಅಥವಾ ವರ್ಧಕ. ಸಂಕೇತದ ಗಾತ್ರ ಹೆಚ್ಚಬೇಕು, ಆಕಾರ ಕೆಡಬಾರದು. ವರ್ಧಕದಿಂದ ನಿರೀಕ್ಷಿಸುವ ಗುಣಗಳು ಇವೆರಡೇ. ಆದರೆ ಆಕಾರವು ಕೆಡದಂತೆ ಕಾಪಾಡಬೇಕಾದರೆ ವಿದ್ಯುಚ್ಛಕ್ತಿಯನ್ನು ಧಾರಾಳವಾಗಿ ಪೋಲು ಮಾಡಲೇಬೇಕೆಂದು ಸಂಗೀತಪ್ರಿಯರಲ್ಲಿ ಅನೇಕರು ಬಹುಕಾಲ ನಂಬಿದ್ದರು. ಶಕ್ತಿಯನ್ನು ಉಳಿಸುವ ಹೊಸ ಬಗೆಯ ವರ್ಧಕಗಳು ಬಂದ ಮೇಲೆ ಈ ನಂಬಿಕೆಯನ್ನು ಮತ್ತೆ ಪರೀಕ್ಷಿಸಬೇಕಾಗಿದೆ.

ವರ್ಧಕಗಳನ್ನು ಇಂಗ್ಲಿಷ್ ಅಕ್ಷರಗಳಿಂದ ವರ್ಗೀಕರಿಸುವುದು ರೂಢಿ. 'ಎ' ವರ್ಗದ ವರ್ಧಕದಲ್ಲಿ ಸಂಗೀತವಿರಲಿ ಇಲ್ಲದಿರಲಿ, ವಾಲ್ವಿನ ಅಥವಾ ಟ್ರಾನ್ಸಿಸ್ಟರಿನ ಮೂಲಕ ಪ್ರವಾಹವು ಸದಾ ಹರಿಯುತ್ತಿರುತ್ತದೆ. ಹೀಗಾಗಿ ಸಂಕೇತದ ಏರಿಳಿತವನ್ನು ಅದು ತಡವರಿಸದೆ ಅನುಸರಿಸುತ್ತದೆ. ಇದಕ್ಕೆ ತೆರುವ ಬೆಲೆ ದೊಡ್ಡದು. ಈ ವರ್ಗದ ದಕ್ಷತೆ ಎಷ್ಟು ಹೆಚ್ಚಿದರೂ ಶೇಕಡಾ 50ನ್ನು ಮೀರದು. 100 ವಾಟ್ ಕೊಡಬಲ್ಲ ವರ್ಧಕವು ಮೌನವಾಗಿರುವಾಗಲೂ ಕನಿಷ್ಠ 200 ವಾಟನ್ನು ಸೆಳೆದು ಶಾಖವಾಗಿ ಚೆಲ್ಲುತ್ತದೆ. ಆ ಶಾಖವನ್ನು ಹೊರದೂಡಲು ದಪ್ಪ ಅಲ್ಯೂಮಿನಿಯಂ ರೆಕ್ಕೆಗಳು ಬೇಕು. ಅಷ್ಟು ಪ್ರವಾಹವನ್ನು ಒದಗಿಸಲು ಭಾರವಾದ ಟ್ರಾನ್ಸ್‌ಫಾರ್ಮರ್ ಬೇಕು. ಮನೆಯಲ್ಲಿ ಸಂಗೀತ ಕೇಳಲು ಬಹಳ ಹೊತ್ತು ಒಂದೆರಡು ವಾಟ್ ಸಾಕೆಂಬುದನ್ನು ನೆನೆದರೆ ಇದು ಇಲಿ ಹಿಡಿಯಲು ಬೆಟ್ಟ ಅಗೆದಂತೆಯೇ ಸರಿ. 'ಬಿ' ವರ್ಗದಲ್ಲಿ ಇಬ್ಬರು ಗರಗಸವನ್ನು ಸರದಿಯಲ್ಲಿ ಎಳೆಯುವಂತೆ ಎರಡು ಟ್ರಾನ್ಸಿಸ್ಟರುಗಳು ಕೆಲಸವನ್ನು ಹಂಚಿಕೊಳ್ಳುತ್ತವೆ. ದಕ್ಷತೆಯ ಮಿತಿ ಶೇಕಡಾ 78.5ಕ್ಕೆ ಏರುತ್ತದೆ, ಆದರೆ ಸರದಿ ಬದಲಾಗುವ ಕ್ಷಣದಲ್ಲಿ ಸ್ವರವು ಸ್ವಲ್ಪ ಸೊಟ್ಟಗಾಗುತ್ತದೆ. ಇವೆರಡರ ನಡುವಣ ರಾಜಿಯಾದ 'ಎಬಿ' ವರ್ಗವು ಹೆಚ್ಚು ಬಳಕೆಗೆ ಬಂತು.

'ಡಿ' ವರ್ಗದ ದಾರಿಯೇ ಬೇರೆ. ಇಲ್ಲಿಯ 'ಡಿ' ಎಂಬುದು 'ಡಿಜಿಟಲ್' ಎಂಬುದರ ಸಂಕ್ಷೇಪವೆಂದು ತಿಳಿದವರುಂಟು. ಅದು ಎ, ಬಿ, ಸಿಗಳ ನಂತರದ ಅಕ್ಷರ, ಅಷ್ಟೆ. ಇದರ ತತ್ತ್ವವನ್ನು ಅರಿಯಲು ಮನೆಯ ಫ್ಯಾನಿನ ರೆಗ್ಯುಲೇಟರನ್ನು ನೆನೆಯಬಹುದು. ಹಳೆಯ ದಪ್ಪ ಪೆಟ್ಟಿಗೆಯ ರೆಗ್ಯುಲೇಟರು ಫ್ಯಾನಿಗೆ ಬೇಡವಾದ ಶಕ್ತಿಯನ್ನು ರೋಧಕ ತಂತಿಯಲ್ಲಿ ಸುಡುತ್ತಿತ್ತು. ಮುಟ್ಟಿದರೆ ಬಿಸಿ. ಅನಂತರ ಬಂದ ಎಲೆಕ್ಟ್ರಾನಿಕ್ ರೆಗ್ಯುಲೇಟರುಗಳಲ್ಲಿ ಒಂದು ಬಗೆಯದು ವಿದ್ಯುತ್ತನ್ನು ಸುಡದೆ ಸೆಕೆಂಡಿಗೆ 100 ಬಾರಿ ತಡೆದು, ತಡೆದು ಬಿಡುತ್ತದೆ. ಫ್ಯಾನಿನ ರೆಕ್ಕೆಗಳು ಭಾರವಾದುದರಿಂದ ಅವು ಈ ತುಂಡುಗಳನ್ನು ಲೆಕ್ಕಿಸದೆ ಒಂದೇ ಸಮನೆ ತಿರುಗುತ್ತವೆ. ಫ್ಯಾನು ಕೆಲವೊಮ್ಮೆ ಗುಂಯ್‌ಗುಡುವುದುಂಟು. ಸೆಕೆಂಡಿಗೆ 100 ಎಂಬುದು ಕಿವಿಗೆ ಕೇಳಿಸುವ ಆವೃತ್ತಿ.

'ಡಿ' ವರ್ಗದ ವರ್ಧಕವು ಕಿವಿಗೆ ನಿಲುಕದಷ್ಟು ವೇಗವಾಗಿ ಹೀಗೆ ತುಂಡರಿಸುತ್ತದೆ. ಮನುಷ್ಯನ ಶ್ರವಣದ ಮೇಲ್ಮಿತಿ ಸುಮಾರು 20,000 ಹರ್ಟ್ಸ್. ಈ ವರ್ಧಕದ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಕೆಲವು ಲಕ್ಷ ಸಲ ಹೊತ್ತಿ ಆರುತ್ತವೆ. ಸಂಕೇತವು ಏರಿದಾಗ ಸ್ವಿಚ್ಚು ಹೆಚ್ಚು ಹೊತ್ತು ಧನ ಪಕ್ಕದಲ್ಲಿಯೂ ಇಳಿದಾಗ ಹೆಚ್ಚು ಹೊತ್ತು ಋಣ ಪಕ್ಕದಲ್ಲಿಯೂ ನಿಲ್ಲುತ್ತದೆ. ಹೀಗೆ ಉಂಟಾದ ಸ್ಪಂದಗಳ ಎತ್ತರ ಒಂದೇ. ಅಗಲ ಮಾತ್ರ ಬೇರೆ ಬೇರೆ. ಕೊನೆಯಲ್ಲಿರುವ ತಂತಿಯ ಸುರುಳಿ ಮತ್ತು ಕಂಡೆನ್ಸರುಗಳ ಶೋಧಕವು ಈ ತುಂಡುಗಳ ಸರಾಸರಿಯನ್ನು ತೆಗೆದು ಮೂಲ ಸ್ವರದ ಆಕಾರವನ್ನು ಲೌಡ್‌ಸ್ಪೀಕರಿಗೆ ಒಪ್ಪಿಸುತ್ತದೆ. ಟ್ರಾನ್ಸಿಸ್ಟರಿನಲ್ಲಿ ಶಾಖವಾಗುವ ಶಕ್ತಿಯು ಅದರ ವೋಲ್ಟೇಜು ಮತ್ತು ಪ್ರವಾಹಗಳ ಗುಣಲಬ್ಧವಷ್ಟೆ. ಪೂರ್ಣವಾಗಿ ತೆರೆದಾಗ ವೋಲ್ಟೇಜು ಸೊನ್ನೆಗೆ ಸಮೀಪ. ಪೂರ್ಣವಾಗಿ ಮುಚ್ಚಿದಾಗ ಪ್ರವಾಹ ಸೊನ್ನೆ. ಯಾವ ಸ್ಥಿತಿಯಲ್ಲಿಯೂ ಗುಣಲಬ್ಧ ಅತ್ಯಲ್ಪ. ಆದ್ದರಿಂದ ಶೇಕಡಾ 90ಕ್ಕೂ ಮೀರಿದ ದಕ್ಷತೆ ಸಾಧ್ಯವಾಗುತ್ತದೆ.

ಕಾಗದದ ಮೇಲೆ ಇಷ್ಟು ಸೊಗಸಾದ ಉಪಾಯವು ಮೊದಮೊದಲು ಕೆಟ್ಟ ಹೆಸರನ್ನೇ ತಂದುಕೊಂಡಿತು. 1964ರಲ್ಲಿ ಇಂಗ್ಲೆಂಡಿನ ಕ್ಲೈವ್ ಸಿಂಕ್ಲೇರ್ 'ಎಕ್ಸ್-10' ಎಂಬ ವರ್ಧಕದ ಬಿಡಿಭಾಗಗಳನ್ನು ಮಾರಾಟಕ್ಕಿಟ್ಟನು. ಜಾಹೀರಾತಿನಲ್ಲಿದ್ದ 10 ವಾಟ್ ಕೊಂಡವರಿಗೆ ದಕ್ಕಲಿಲ್ಲ. ಅಂದಿನ ಟ್ರಾನ್ಸಿಸ್ಟರುಗಳು ಮಂದಗತಿಯವು. ತೆರೆದ ಸ್ಥಿತಿಯಿಂದ ಮುಚ್ಚಿದ ಸ್ಥಿತಿಗೆ ಹೋಗುವ ನಡುದಾರಿಯಲ್ಲಿ ತಡಮಾಡಿ ಬಿಸಿಯಾಗುತ್ತಿದ್ದವು. ಮಾಸ್‌ಫೆಟ್ ಎಂಬ ಶೀಘ್ರಗತಿಯ ಟ್ರಾನ್ಸಿಸ್ಟರುಗಳು ಬಂದ ಮೇಲೆ ಈ ದೋಷವು ನೀಗಿತು.

ಇನ್ನೊಂದು ದೋಷ ಉಳಿದಿತ್ತು; ಅದು ಶೋಧಕದ್ದು. ಲೌಡ್‌ಸ್ಪೀಕರಿನ ಮೇಲೆ 8 ಓಮ್ ಎಂದು ಬರೆದಿದ್ದರೂ ಅದರ ವಾಸ್ತವವಾದ ತಡೆಯು ಸ್ವರದ ಆವೃತ್ತಿಯೊಡನೆ ಬದಲಾಗುತ್ತಿರುತ್ತದೆ. ಒಂದು ಲೌಡ್‌ಸ್ಪೀಕರಿಗೆ ಹೊಂದುವ ಶೋಧಕವು ಇನ್ನೊಂದಕ್ಕೆ ಹೊಂದದೆ ತಾರಸ್ವರಗಳು ಒಮ್ಮೆ ಚುರುಕಾಗಿ, ಒಮ್ಮೆ ಮಂಕಾಗಿ ಕೇಳಿಸುತ್ತಿದ್ದವು. ಇದಕ್ಕೆ ಪರಿಹಾರ ದೊರೆತದ್ದು ಬಹು ಹಿಂದಿನ ಒಂದು ಕಲ್ಪನೆಯಲ್ಲಿ. 1927ರ ಆಗಸ್ಟ್ 2ರಂದು ಅಮೆರಿಕದ ಹೆರಾಲ್ಡ್ ಬ್ಲ್ಯಾಕ್ ಎಂಬ ಎಂಜಿನಿಯರು ಹಡ್ಸನ್ ನದಿಯನ್ನು ದೋಣಿಯಲ್ಲಿ ದಾಟುತ್ತಿದ್ದನು. ದೂರವಾಣಿಯ ವರ್ಧಕಗಳಲ್ಲಿ ಸ್ವರವು ಕೆಡುವುದನ್ನು ತಪ್ಪಿಸುವ ಬಗೆ ಅವನಿಗೆ ಹಠಾತ್ತನೆ ಹೊಳೆಯಿತು. ಬೇರೆ ಕಾಗದವಿಲ್ಲದೆ ಕೈಯಲ್ಲಿದ್ದ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಪುಟದ ಮೇಲೆಯೇ ಅವನು ಅದನ್ನು ಬರೆದಿಟ್ಟನು. ಹೊರಬಂದ ಸಂಕೇತದ ಒಂದಂಶವನ್ನು ಒಳಕ್ಕೆ ತಿರುಗಿಸಿ, ಮೂಲದೊಡನೆ ಹೋಲಿಸಿ, ಕಂಡ ತಪ್ಪನ್ನು ವರ್ಧಕವೇ ತಿದ್ದಿಕೊಳ್ಳುವಂತೆ ಮಾಡುವುದು ಆ ಉಪಾಯ. ಇದಕ್ಕೆ ಫೀಡ್‌ಬ್ಯಾಕ್ ಎಂದು ಹೆಸರು.

'ಡಿ' ವರ್ಗದಲ್ಲಿ ಫೀಡ್‌ಬ್ಯಾಕನ್ನು ಸಾಮಾನ್ಯವಾಗಿ ಶೋಧಕಕ್ಕಿಂತ ಮುಂಚೆಯೇ ಪಡೆಯುತ್ತಿದ್ದರು. ಹಾಗಾಗಿ ಶೋಧಕವು ಮಾಡುವ ತಪ್ಪು ವರ್ಧಕದ ಗಮನಕ್ಕೇ ಬರುತ್ತಿರಲಿಲ್ಲ. ಅಡಿಗೆಯನ್ನು ಒಗ್ಗರಣೆಗೆ ಮೊದಲೇ ರುಚಿ ನೋಡಿ ಬಡಿಸಿದಂತೆ! ಶೋಧಕದ ಆಚೆಯಿಂದ ಫೀಡ್‌ಬ್ಯಾಕ್ ಪಡೆಯಲು ಹೋದರೆ ವರ್ಧಕವು ಸ್ಥಿರತೆಯನ್ನು ಕಳೆದುಕೊಂಡು ತಾನಾಗಿಯೇ ಕಂಪಿಸತೊಡಗುವ ಭಯವಿತ್ತು. ಫಿಲಿಪ್ಸ್ ಸಂಸ್ಥೆಯಲ್ಲಿದ್ದ ಬೆಲ್ಜಿಯಮ್ಮಿನ ಬ್ರೂನೊ ಪುಟ್ಜೈಸ್ ಆ ಕಂಪನವನ್ನೇ ಕೆಲಸಕ್ಕೆ ಹಚ್ಚಿದನು. ಸ್ವಿಚ್ಚಿನ ಲಯವೇ ಆ ಕಂಪನದಿಂದ ಹುಟ್ಟುವಂತೆ 2001ರಲ್ಲಿ ಅವನು ಒಂದು ಮಂಡಲವನ್ನು ರಚಿಸಿದನು. ಇದೇ ತತ್ತ್ವವು ಬೆಳೆದು ಇಂದಿನ ಉತ್ತಮ 'ಡಿ' ವರ್ಗದ ವರ್ಧಕಗಳಲ್ಲಿ ವಿಕೃತಿಯು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಾಗಿದೆ. ಅಳತೆಯ ಮಟ್ಟಿಗೆ ಹೇಳುವುದಾದರೆ ಹಳೆಯ ಘನವಂತ ವರ್ಧಕಗಳಲ್ಲಿ ಬಹುಪಾಲು ಇವುಗಳ ಹಿಂದೆ ಬೀಳುತ್ತವೆ.

ಆದರೂ ಕಿವಿ ಒಪ್ಪಬೇಕಲ್ಲವೆ ಎಂದು ರಸಿಕರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ಕಿವಿಯ ತೀರ್ಪಿನಲ್ಲಿ ಕಣ್ಣೂ ಕೈಹಾಕುವುದುಂಟು. 1978ರಲ್ಲಿ ಇಂಗ್ಲೆಂಡಿನ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯು ಒಂದು ಪರೀಕ್ಷೆಯ ವಿವರಗಳನ್ನು ಪ್ರಕಟಿಸಿತು. ಕ್ವಾಡ್ ಸಂಸ್ಥೆಯ ಒಂದು ವಾಲ್ವಿನ ವರ್ಧಕವನ್ನೂ ಎರಡು ಟ್ರಾನ್ಸಿಸ್ಟರ್ ವರ್ಧಕಗಳನ್ನೂ, ಯಾವುದು ನುಡಿಯುತ್ತಿದೆಯೆಂದು ತಿಳಿಸದೆ ಪರಿಣತರಿಗೆ ಕೇಳಿಸಲಾಗಿತ್ತು. ಅವರು ಅವುಗಳನ್ನು ಖಚಿತವಾಗಿ ಗುರುತಿಸಲಾರದೆ ಹೋದರು. 'ಡಿ' ವರ್ಗದ ವರ್ಧಕ ಆ ಪರೀಕ್ಷೆಯಲ್ಲಿ ಇರಲಿಲ್ಲ. ಆದರೆ ಅದನ್ನು ತೂಗುವ ತಕ್ಕಡಿಯೂ ಇಂಥದ್ದೇ ಆಗಿರಬೇಕು. ಕೆಲವು ವಾಲ್ವ್ ವರ್ಧಕಗಳು ಮೂಲ ಸ್ವರಕ್ಕೆ ಅದರ ತಾರಸ್ಥಾಯಿಯ ಸ್ವರವನ್ನು ತುಸು ಬೆರೆಸುತ್ತವೆ. ಷಡ್ಜದೊಡನೆ ತಾರಷಡ್ಜ ಸೇರಿದರೆ ಕಿವಿಗೆ ಇಂಪೇ. ಅದನ್ನು ಇಷ್ಟಪಡುವುದು ಕೇಳುಗನ ಅಭಿರುಚಿ. ಗಾಯಕನ ಕಂಠದಲ್ಲಿ ಇಲ್ಲದ್ದನ್ನು ಸೇರಿಸಿದ ವರ್ಧಕವನ್ನು ಯಥಾರ್ಥವೆನ್ನಲು ಮಾತ್ರ ಬಾರದು.

ಹಳೆಯ ವರ್ಧಕಗಳಿಗೆ ಅನುಕೂಲವಾದ ಒಂದು ಮಾತು ಉಳಿದಿದೆ. ಅದು ನಾದಕ್ಕೆ ಸಂಬಂಧಿಸಿದುದಲ್ಲ. 1969ರಲ್ಲಿ ಜಾನ್ ಲಿನ್‌ಸ್ಲಿ ಹುಡ್ ಅದೇ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ 10 ವಾಟಿನ 'ಎ' ವರ್ಗದ ವರ್ಧಕವೊಂದರ ನಕ್ಷೆಯನ್ನು ಕೊಟ್ಟನು. ಒಂದು ಪಕ್ಕಕ್ಕೆ ಬೇಕಾದ ಟ್ರಾನ್ಸಿಸ್ಟರುಗಳು ನಾಲ್ಕೇ. ಕೆಟ್ಟರೆ, ಬೆಸುಗೆ ಬಲ್ಲ ಹುಡುಗನೂ ಸುಟ್ಟುಹೋದುದನ್ನು ಕಿತ್ತು ಬೇರೊಂದನ್ನು ಕೂಡಿಸಬಲ್ಲನು. ಹೊಸ ವರ್ಧಕದ ಫಲಕದ ಮೇಲೆ ಸಾಸಿವೆಕಾಳಿನಷ್ಟು ಸಣ್ಣ ಬಿಡಿಭಾಗಗಳು ಒತ್ತೊತ್ತಾಗಿ ಕುಳಿತಿರುತ್ತವೆ. ಒಂದು ಕೆಟ್ಟರೆ ಸಾಮಾನ್ಯವಾಗಿ ಇಡೀ ಫಲಕವನ್ನೇ ಬದಲಾಯಿಸಬೇಕಾಗುತ್ತದೆ. ಲಿನ್‌ಸ್ಲಿ ಹುಡ್‌ನ ನಕ್ಷೆಯನ್ನು ಮುಂದಿಟ್ಟುಕೊಂಡು ವರ್ಧಕವನ್ನು ತಾವೇ ಕಟ್ಟುವ ಹವ್ಯಾಸಿಗಳು ಹಲವು ದೇಶಗಳಲ್ಲಿ ಇಂದಿಗೂ ಇದ್ದಾರೆ.