ಅರಣ್ಯ ಇಲಾಖೆಯಲ್ಲಿ ಇಂಟರ್ನ್‌ಶಿಪ್ ಮಾಡಿದರೆ ನೇರವಾಗಿ ರೇಂಜರ್ ಆಗಬಹುದೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ದೊಡ್ಡಬಳ್ಳಾಪುರ ಕಡೆಯ ಓದುಗರೊಬ್ಬರು ನಮಗೆ ಒಂದು ವಾಟ್ಸಾಪ್ ಸಂದೇಶ ಕಳುಹಿಸಿ, "ಇದು ನಿಜಾನಾ ಸ್ವಲ್ಪ ನೋಡಿ ಹೇಳಿ. ಮಗಳು ಪಿಯುಸಿ ಮುಗಿಸಿದ್ದಾಳೆ, ಕಾಡು ಅಂದ್ರೆ ಪ್ರಾಣ. ದುಡ್ಡು ಕಟ್ಟೋಣ ಅಂತ ಇದ್ದೀವಿ" ಎಂದು ಕೇಳಿದ್ದರು. ಸಂದೇಶದ ಸಾರ ಇಷ್ಟು: ಮೂವತ್ತು ದಿನ ಅರಣ್ಯ ಇಂಟರ್ನ್‌ಶಿಪ್ ಮಾಡಿ, ಸರ್ಟಿಫಿಕೇಟ್ ಪಡೆಯಿರಿ, ಪರೀಕ್ಷೆ ಇಲ್ಲದೆ ನೇರವಾಗಿ ರೇಂಜರ್ ಹುದ್ದೆಗೆ ಆಯ್ಕೆಯಾಗಿ. ನೋಂದಣಿ ಶುಲ್ಕವನ್ನು ಒಂದು ಮೊಬೈಲ್ ನಂಬರಿಗೆ ಕಳುಹಿಸಬೇಕಂತೆ. ಕೊನೆಯಲ್ಲಿ ಎಂದಿನ ಸಾಲು: "ನಿಮ್ಮ ಎಲ್ಲಾ ಗ್ರೂಪ್‌ಗಳಿಗೂ ಕಳುಹಿಸಿ, ಒಬ್ಬ ಬಡ ವಿದ್ಯಾರ್ಥಿಗಾದರೂ ಉಪಯೋಗವಾಗಲಿ."

ಇಂಥ ಸಂದೇಶ ಓದಿದಾಗ ಒಳ್ಳೆಯ ಮನಸ್ಸಿನವರೇ ಹೆಚ್ಚು ಹಂಚುತ್ತಾರೆ. ಆದ್ದರಿಂದ ಇದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂಬುದನ್ನು ಬಿಡಿಸಿ ನೋಡೋಣ.

ಚುಟುಕಾಗಿ ಉತ್ತರ

• ಕರ್ನಾಟಕದಲ್ಲಿ ಇಂಟರ್ನ್‌ಶಿಪ್ ಮೂಲಕ ಯಾರೂ ನೇರವಾಗಿ ರೇಂಜರ್ ಆಗುವುದಿಲ್ಲ. ಈ ಹೇಳಿಕೆ ಸುಳ್ಳು.
• ಇಂಟರ್ನ್‌ಶಿಪ್ ಎಂಬುದೇ ಮೋಸ ಎನ್ನುವುದೂ ತಪ್ಪು. ಸರಿಯಾದ ಕಡೆ ಮಾಡಿದರೆ ಅದರಿಂದ ನಿಜವಾದ ಲಾಭವಿದೆ. ಆದರೆ ಆ ಲಾಭ ಕಲಿಕೆಯದು, ಹುದ್ದೆಯದಲ್ಲ.
• ಕೆಲಸ ಸಿಗುವ ದಾರಿ ಬೇರೆ ಇದೆ. ಅದು ಎಸ್ಸೆಸ್ಸೆಲ್ಸಿ, ಪಿಯುಸಿ ಮಟ್ಟದಿಂದಲೇ ಶುರುವಾಗುತ್ತದೆ, ಮತ್ತು ಅದಕ್ಕೆ ಯಾರ ಜೇಬಿಗೂ ದುಡ್ಡು ಹಾಕಬೇಕಿಲ್ಲ.

ಹಾಗಾದರೆ ಈ ಮಾತು ಹುಟ್ಟಿದ್ದೆಲ್ಲಿಂದ?

ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎನ್ನುತ್ತಾರೆ. ಇಲ್ಲಿನ ಬೆಂಕಿ ಇರುವುದು ಅಮೆರಿಕದಲ್ಲಿ. ಅಲ್ಲಿನ ರಾಷ್ಟ್ರೀಯ ಉದ್ಯಾನಗಳನ್ನು 1916ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಪಾರ್ಕ್ ಸರ್ವಿಸ್ ನೋಡಿಕೊಳ್ಳುತ್ತದೆ. ಅಲ್ಲಿನ ಕೇಂದ್ರ ಸರ್ಕಾರದ ಇಲಾಖೆಗಳಲ್ಲಿ 'ಪಾತ್‌ವೇಸ್' ಎಂಬ ವ್ಯವಸ್ಥೆಯಿದೆ. ಓದುತ್ತಿರುವ ವಿದ್ಯಾರ್ಥಿ ಸಂಬಳಸಹಿತ ಇಂಟರ್ನ್ ಆಗಿ ಸೇರಿ, ನಿಗದಿತ ಗಂಟೆಗಳಷ್ಟು ಕೆಲಸ ಮಾಡಿ, ಓದು ಮುಗಿಸಿದರೆ, ಇಲಾಖೆ ಬಯಸಿದಲ್ಲಿ ಮತ್ತೆ ಸ್ಪರ್ಧೆಗೆ ನಿಲ್ಲಿಸದೆ ಕಾಯಂ ಹುದ್ದೆಗೆ ತೆಗೆದುಕೊಳ್ಳಬಹುದು. "ಇಲಾಖೆ ಬಯಸಿದಲ್ಲಿ" ಎಂಬ ಮಾತನ್ನು ಗಮನಿಸಿ. ಅಲ್ಲಿಯೂ ಅದು ಅವಕಾಶವೇ ಹೊರತು ಗ್ಯಾರಂಟಿಯಲ್ಲ.

ಯೂಟ್ಯೂಬ್‌ನಲ್ಲಿ ಆ ದೇಶದ ವಿಡಿಯೋ ನೋಡಿದವರು "ಇಂಟರ್ನ್ ಆದರೆ ರೇಂಜರ್" ಎಂದು ತಿಳಿದುಕೊಳ್ಳುವುದು ಸಹಜ. ಆದರೆ ಅಲ್ಲಿನ ರೇಂಜರಿಗೂ ನಮ್ಮ ರೇಂಜರಿಗೂ ಬಹಳ ವ್ಯತ್ಯಾಸವಿದೆ. ಅಲ್ಲಿ ಪ್ರವಾಸಿಗರಿಗೆ ಉದ್ಯಾನದ ಬಗ್ಗೆ ವಿವರಿಸುವವರನ್ನೂ ರೇಂಜರ್ ಎಂದೇ ಕರೆಯುತ್ತಾರೆ. ನಮ್ಮಲ್ಲಿ ರೇಂಜರ್ ಎಂದರೆ ವಲಯ ಅರಣ್ಯಾಧಿಕಾರಿ, ಅಂದರೆ ಒಂದು ವಲಯದ ಮುಖ್ಯಸ್ಥ. ಅರಣ್ಯ ಅಪರಾಧಗಳ ಮೊಕದ್ದಮೆ, ನೆಡುತೋಪು, ಸಿಬ್ಬಂದಿ, ಹಣಕಾಸು ಎಲ್ಲವೂ ಅವರ ತಲೆಯ ಮೇಲಿರುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕೂ ತಾಲ್ಲೂಕುಗಳಲ್ಲಿ ವಲಯ ಅರಣ್ಯ ಕಚೇರಿಗಳಿವೆ. ಅಂಥ ಹುದ್ದೆಯನ್ನು ಮೂವತ್ತು ದಿನದ ಸರ್ಟಿಫಿಕೇಟ್ ನೋಡಿ ಯಾರೂ ಕೊಡುವುದಿಲ್ಲ.

ಇಲ್ಲಿ ಏಕೆ ಸಾಧ್ಯವಿಲ್ಲ?

ಇದು ಅಧಿಕಾರಿಗಳ ಮರ್ಜಿಯ ವಿಷಯವಲ್ಲ, ಕಾನೂನಿನ ವಿಷಯ. ಸರ್ಕಾರಿ ಉದ್ಯೋಗದಲ್ಲಿ ಎಲ್ಲರಿಗೂ ಸಮಾನ ಅವಕಾಶ ಇರಬೇಕು ಎಂದು ಸಂವಿಧಾನದ 16ನೇ ವಿಧಿ ಹೇಳುತ್ತದೆ. ಅಂದರೆ ಹುದ್ದೆ ಖಾಲಿಯಿದ್ದರೆ ಬಹಿರಂಗವಾಗಿ ಅಧಿಸೂಚನೆ ಹೊರಡಿಸಬೇಕು, ಅರ್ಹರೆಲ್ಲರಿಗೂ ಅರ್ಜಿ ಹಾಕಲು ಬಿಡಬೇಕು, ಮೀಸಲಾತಿ ಪಾಲಿಸಬೇಕು, ನಿಯಮದಂತೆ ಆಯ್ಕೆ ಮಾಡಬೇಕು.

ಈ ಬಗ್ಗೆ ಸುಪ್ರೀಂ ಕೋರ್ಟಿನ ಅತ್ಯಂತ ಪ್ರಸಿದ್ಧ ತೀರ್ಪು ಬಂದದ್ದು ನಮ್ಮ ರಾಜ್ಯದ ಪ್ರಕರಣದಲ್ಲೇ. ಕರ್ನಾಟಕ ರಾಜ್ಯ ಮತ್ತು ಉಮಾದೇವಿ ನಡುವಿನ ಪ್ರಕರಣದಲ್ಲಿ 2006ರ ಏಪ್ರಿಲ್ 10ರಂದು ಸಂವಿಧಾನ ಪೀಠ ತೀರ್ಪು ನೀಡಿತು. ಬಹಿರಂಗ ಆಯ್ಕೆಯಿಲ್ಲದೆ ದಿನಗೂಲಿಯಾಗಿ ಅಥವಾ ತಾತ್ಕಾಲಿಕವಾಗಿ ಸೇರಿದವರು, ಕೆಲಸ ಮಾಡಿದ್ದೇವೆ ಎಂಬ ಒಂದೇ ಕಾರಣಕ್ಕೆ ಕಾಯಂ ಹುದ್ದೆಯನ್ನು ಹಕ್ಕಾಗಿ ಕೇಳುವಂತಿಲ್ಲ ಎಂಬುದು ಅದರ ತಿರುಳು. ವರ್ಷಗಟ್ಟಲೆ ದುಡಿದವರ ಕಥೆಯೇ ಹೀಗಿರುವಾಗ, ಒಂದು ತಿಂಗಳ ಇಂಟರ್ನ್‌ಶಿಪ್ ಮಾಡಿದವರಿಗೆ ಪರೀಕ್ಷೆಯಿಲ್ಲದೆ ಹುದ್ದೆ ಸಿಗುತ್ತದೆ ಎಂಬುದನ್ನು ನಂಬಬೇಕೇ?

ಹಾಗಾದರೆ ನಿಜವಾದ ದಾರಿ ಯಾವುದು?

ಅರಣ್ಯ ಇಲಾಖೆಯನ್ನು ಒಂದು ಏಣಿ ಎಂದುಕೊಳ್ಳಿ. ಯಾವ ಓದು ಮುಗಿಸಿದ್ದೀರಿ ಎಂಬುದರ ಮೇಲೆ ಯಾವ ಮೆಟ್ಟಿಲಿನಿಂದ ಹತ್ತಬಹುದು ಎಂಬುದು ನಿರ್ಧಾರವಾಗುತ್ತದೆ.

ಎಸ್ಸೆಸ್ಸೆಲ್ಸಿ ಆದವರಿಗೆ: ಅರಣ್ಯ ವೀಕ್ಷಕ, ಅಂದರೆ ವಾಚರ್. 2023ರಲ್ಲಿ ಇಂಥ 310 ಹುದ್ದೆಗಳಿಗೆ ಇಲಾಖೆ ಅರ್ಜಿ ಕರೆದಿತ್ತು.

ಪಿಯುಸಿ ಆದವರಿಗೆ: ಗಸ್ತು ಅರಣ್ಯ ಪಾಲಕ, ಅಂದರೆ ನಾವು ಗಾರ್ಡ್ ಎಂದು ಕರೆಯುವವರು. 2023ರ ಕೊನೆಯಲ್ಲಿ 540 ಹುದ್ದೆಗಳಿಗೆ ಅರ್ಜಿ ಕರೆದಾಗ ಪಿಯುಸಿ ಅಂಕ ಮತ್ತು ದೈಹಿಕ ಪರೀಕ್ಷೆ ಮುಖ್ಯವಾಗಿದ್ದವು. ಇಂಟರ್ನ್‌ಶಿಪ್‌ಗೆ ಅಲ್ಲಿ ಒಂದೇ ಒಂದು ಅಂಕವೂ ಇರಲಿಲ್ಲ. ಗಾರ್ಡ್ ಆಗಿ ಸೇರಿದವರು ಬಡ್ತಿ ಪಡೆದು ಉಪ ವಲಯ ಅರಣ್ಯಾಧಿಕಾರಿ, ಮುಂದೆ ವಲಯ ಅರಣ್ಯಾಧಿಕಾರಿಯೂ ಆಗಬಹುದು.

ಪದವಿ ಆದವರಿಗೆ: ವಲಯ ಅರಣ್ಯಾಧಿಕಾರಿ ಹುದ್ದೆಗೆ ನೇರ ನೇಮಕಾತಿಯೂ ಇದೆ. ವಿಜ್ಞಾನ, ಎಂಜಿನಿಯರಿಂಗ್ ಪದವೀಧರರು ಸ್ಪರ್ಧಿಸಬಹುದು. ಬಿಎಸ್‌ಸಿ ಅರಣ್ಯಶಾಸ್ತ್ರ ಓದಿದವರಿಗೆ ಇದರಲ್ಲಿ ಒಂದು ಪಾಲು ಮೀಸಲಿರುತ್ತದೆ.

ಇನ್ನೂ ಮೇಲೆ: ಭಾರತೀಯ ಅರಣ್ಯ ಸೇವೆ, ಅಂದರೆ ಐಎಫ್‌ಎಸ್. ಇದಕ್ಕೆ ಯುಪಿಎಸ್‌ಸಿ ಪರೀಕ್ಷೆ ಬರೆಯಬೇಕು. ಓದಿನ ಜೊತೆ ಕಾಲಿಗೂ ಪರೀಕ್ಷೆಯಿದೆ: ನಾಲ್ಕು ಗಂಟೆಯೊಳಗೆ ಗಂಡಸರು 25 ಕಿಲೋಮೀಟರ್, ಹೆಂಗಸರು 14 ಕಿಲೋಮೀಟರ್ ನಡೆಯಬೇಕು.

ಇನ್ನೊಂದು ಮುಖ್ಯ ಸಂಗತಿ. ಅರಣ್ಯದ ಕೆಲಸದ ತರಬೇತಿಯನ್ನು ಇಲಾಖೆಯೇ ಕೊಡುತ್ತದೆ, ಅದೂ ಆಯ್ಕೆಯಾದ ಮೇಲೆ. ರಾಜ್ಯದಲ್ಲಿ ಧಾರವಾಡದ ಬಳಿಯ ಗುಂಗರಗಟ್ಟಿ, ಕುಶಾಲನಗರದ ಗಂಧದ ಕೋಟಿ ಮುಂತಾದ ಕಡೆ ತರಬೇತಿ ಕೇಂದ್ರಗಳಿವೆ. ನೇರ ನೇಮಕವಾದ ರೇಂಜರುಗಳಿಗೆ 18 ತಿಂಗಳ ತರಬೇತಿ ಇರುತ್ತದೆ. ಆದ್ದರಿಂದ "ನೇಮಕಾತಿಗೆ ಮೊದಲು ನಮ್ಮಲ್ಲಿ ರೇಂಜರ್ ತರಬೇತಿ ಕಡ್ಡಾಯ" ಎಂದು ಯಾರಾದರೂ ಹೇಳಿದರೆ, ಅಲ್ಲಿಂದ ಎದ್ದು ಬನ್ನಿ.

ಅರಣ್ಯಶಾಸ್ತ್ರ ಓದುವುದೆಲ್ಲಿ?

ನಮ್ಮ ರಾಜ್ಯದಲ್ಲಿ ಶಿರಸಿ ಮತ್ತು ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯಗಳಿವೆ. ಮೊದಲನೆಯದು ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ, ಎರಡನೆಯದು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದೆ. ಪಿಯುಸಿ ವಿಜ್ಞಾನ ಓದಿ ಸಿಇಟಿ ಬರೆದವರು ಈ ನಾಲ್ಕು ವರ್ಷದ ಕೋರ್ಸಿಗೆ ಸೇರಬಹುದು.

ಇಂಟರ್ನ್‌ಶಿಪ್ ಎಂಬ ಮಾತಿಗೆ ನಿಜವಾದ ಅರ್ಥ ಸಿಗುವುದು ಇಲ್ಲಿ. ದೇಶದ ಕೃಷಿ ಕೋರ್ಸ್‌ಗಳಲ್ಲಿ 2015ರಲ್ಲಿ ಶುರುವಾದ 'ಸ್ಟೂಡೆಂಟ್ ರೆಡಿ' ಕಾರ್ಯಕ್ರಮದಡಿ ಅರಣ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಕ್ಷೇತ್ರಕಾರ್ಯದ ಅನುಭವ ಪಠ್ಯದ ಭಾಗವೇ ಆಗಿದೆ. ವಿದ್ಯಾರ್ಥಿಗಳು ಅರಣ್ಯ ಇಲಾಖೆ, ಹಳ್ಳಿ, ಮರಾಧಾರಿತ ಉದ್ಯಮಗಳ ಜೊತೆ ಇದ್ದು ಕೆಲಸ ಕಲಿಯುತ್ತಾರೆ. ಅದಕ್ಕೆ ಅಂಕವೂ ಉಂಟು. ಆದರೆ ಆ ಅಂಕ ಪದವಿಗೆ ಸೇರುತ್ತದೆ. ಅದನ್ನು ಮುಗಿಸಿದವರೂ ಹುದ್ದೆ ಬೇಕಾದರೆ ಎಲ್ಲರಂತೆ ಅರ್ಜಿ ಹಾಕಿ ಸ್ಪರ್ಧಿಸಬೇಕು.

ಹಾಗಾದರೆ ಇಂಟರ್ನ್‌ಶಿಪ್ ವ್ಯರ್ಥವೇ?

ಖಂಡಿತ ಅಲ್ಲ. ಕಾಡಿನ ಕೆಲಸ ಫೋಟೋದಲ್ಲಿ ಕಂಡಷ್ಟು ಚೆಂದವಾಗಿರುವುದಿಲ್ಲ. ಬೇಸಿಗೆಯಲ್ಲಿ ಬೆಂಕಿ ರೇಖೆ ಕಡಿಯಬೇಕು, ನರ್ಸರಿಯಲ್ಲಿ ಸಸಿ ಎಣಿಸಬೇಕು, ಚಿರತೆ ಬಂತು ಎಂದು ರಾತ್ರಿ ಫೋನ್ ಬಂದರೆ ಎದ್ದು ಹೋಗಬೇಕು, ಕೋಪಗೊಂಡ ಊರಿನವರ ಮುಂದೆ ತಾಳ್ಮೆಯಿಂದ ಮಾತನಾಡಬೇಕು. ಇದು ನಮಗೆ ಒಗ್ಗುತ್ತದೆಯೇ ಎಂದು ಐದು ವರ್ಷ ಓದಿ ತಿಳಿಯುವುದಕ್ಕಿಂತ ಒಂದು ತಿಂಗಳು ಜೊತೆಗಿದ್ದು ತಿಳಿಯುವುದು ಲೇಸು.

ಎರಡನೆಯ ಲಾಭ, ಇಲಾಖೆಯ ಹೊರಗಿನ ಕೆಲಸಗಳಿಗೆ ಅನುಭವವೇ ಅರ್ಹತೆ. ಸಂಶೋಧನಾ ಸಂಸ್ಥೆಗಳ ಕ್ಷೇತ್ರ ಸಹಾಯಕರು, ಕೆರೆ ಮತ್ತು ಜಲಾನಯನ ಯೋಜನೆಗಳ ಸಿಬ್ಬಂದಿ, ನಕ್ಷೆ ತಯಾರಿಸುವವರು, ನರ್ಸರಿ ನಡೆಸುವವರು ಇವರಿಗೆಲ್ಲ "ಏನು ಓದಿದ್ದೀಯಾ" ಎಂಬುದರ ಜೊತೆ "ಏನು ಮಾಡಿ ಗೊತ್ತು" ಎಂಬ ಪ್ರಶ್ನೆಯೂ ಎದುರಾಗುತ್ತದೆ. ಮರಗಳ ಬಗ್ಗೆ ಆಸಕ್ತಿಯಿರುವ ಪದವಿ ವಿದ್ಯಾರ್ಥಿಗಳಿಗೆ ಬೆಂಗಳೂರಿನ ಮಲ್ಲೇಶ್ವರದಲ್ಲೇ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಕಾಲೇಜಿನ ಮೂಲಕ ಇಂಥ ಕಡೆ ವಿಚಾರಿಸಬಹುದು.

ನಮ್ಮ ಜಿಲ್ಲೆಯಲ್ಲೇ ಕಲಿಯಲು ಏನಿದೆ?

"ನಮ್ಮ ಕಡೆ ಕಾಡೆಲ್ಲಿದೆ?" ಎಂದು ಕೇಳುವವರಿಗೆ ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪನ್ನು ತೋರಿಸಬೇಕು. 50 ಎಕರೆಗೂ ಹೆಚ್ಚಿನ ಈ ತೋಪಿನಲ್ಲಿ ಶತಮಾನಗಳಷ್ಟು ಹಳೆಯ ಹುಣಸೆ ಮರಗಳಿವೆ. 2007ರಲ್ಲಿ ಇದನ್ನು ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಲಾಯಿತು. ಇಡೀ ದೇಶದಲ್ಲಿ ಆ ಗೌರವ ಪಡೆದ ಮೊದಲ ತಾಣ ಇದೇ. ವಿಮಾನ ನಿಲ್ದಾಣಕ್ಕೆ ಹೋಗುವ ಎಷ್ಟೋ ಜನರಿಗೆ ಹತ್ತಿರದಲ್ಲೇ ಇಂಥದೊಂದು ಜಾಗ ಇದೆಯೆಂಬುದೇ ಗೊತ್ತಿಲ್ಲ.

ಇಲ್ಲಿ ಒಬ್ಬ ವಿದ್ಯಾರ್ಥಿ ಕಲಿಯಬಹುದಾದ ಮೊದಲ ಪಾಠ ಮರ ಅಳೆಯುವುದು. ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ಸುಮಾರು ಎದೆಮಟ್ಟದಲ್ಲಿ, ಕಾಂಡದ ಸುತ್ತಳತೆ ತೆಗೆಯುತ್ತಾರೆ. ಎಲ್ಲರೂ ಒಂದೇ ಎತ್ತರದಲ್ಲಿ ಅಳೆದರೆ ಮಾತ್ರ ಈ ವರ್ಷದ ಲೆಕ್ಕವನ್ನು ಹತ್ತು ವರ್ಷದ ನಂತರದ ಲೆಕ್ಕಕ್ಕೆ ಹೋಲಿಸಬಹುದು. ಒಂದು ಟೇಪು, ಒಂದು ನೋಟ್‌ಬುಕ್ ಸಾಕು. ಕೊಂಬೆ ಮುರಿಯಬೇಡಿ, ಪೊಟರೆಗಳಿಗೆ ಕೈ ಹಾಕಬೇಡಿ.

ಹೊಸಕೋಟೆ, ದೇವನಹಳ್ಳಿ ಕಡೆಯ ನೀಲಗಿರಿ ತೋಪುಗಳೂ ಒಂದು ಪಾಠವೇ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ನೀಲಗಿರಿ ತೆಗೆದ ಜಮೀನಿನಲ್ಲಿ ಏನು ಬೆಳೆಯಬೇಕು, ಅಂತರ್ಜಲ ಏನಾಗುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ಮುಂದಿನ ದಿನಗಳ ನೈಸರ್ಗಿಕ ಸಂಪನ್ಮೂಲ ಕೆಲಸ. ಹೊಸಕೋಟೆ ಕೆರೆಯ ಹಕ್ಕಿಗಳು, ಮಾಕಳಿದುರ್ಗದ ಕುರುಚಲು ಕಾಡು, ಶಿವಗಂಗೆಯ ಬಂಡೆ ಬೆಟ್ಟ ಎಲ್ಲವೂ ಗಮನಿಸುವ ಕಣ್ಣಿದ್ದವರಿಗೆ ತರಗತಿಗಳೇ. ಪ್ರತಿ ಫೆಬ್ರವರಿಯಲ್ಲಿ ನಡೆಯುವ ಕ್ಯಾಂಪಸ್ ಹಕ್ಕಿ ಎಣಿಕೆಯಲ್ಲಿ ಯಾವ ಕಾಲೇಜು ಬೇಕಾದರೂ ಭಾಗವಹಿಸಬಹುದು. ಅದಕ್ಕೆ ಶುಲ್ಕವಿಲ್ಲ.

ಒಂದು ಎಚ್ಚರಿಕೆ: ಕಲಿಯುವ ಉತ್ಸಾಹದಲ್ಲಿ ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗಬೇಡಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಪರವಾನಗಿ ಬೇಕು. ಕಾಲೇಜಿನ ಪತ್ರ ಹಿಡಿದು ಅರಣ್ಯ ಕಚೇರಿಯಲ್ಲಿ ಕೇಳುವುದೇ ಸರಿಯಾದ ಕ್ರಮ.

ಸುಳ್ಳು ಸಂದೇಶ ಗುರುತಿಸುವುದು ಹೇಗೆ?

• "ಪರೀಕ್ಷೆ ಇಲ್ಲ, ನೇರ ನೇಮಕಾತಿ" ಎಂದಿದ್ದರೆ ಅಲ್ಲಿಗೇ ಅನುಮಾನಿಸಿ.
• ಶುಲ್ಕವನ್ನು ವೈಯಕ್ತಿಕ ಮೊಬೈಲ್ ನಂಬರಿಗೆ ಅಥವಾ ಕ್ಯೂಆರ್ ಕೋಡಿಗೆ ಕಳುಹಿಸಲು ಹೇಳಿದರೆ ಕಳುಹಿಸಬೇಡಿ. ಸರ್ಕಾರಿ ನೇಮಕಾತಿಯಲ್ಲೂ ಅರ್ಜಿ ಶುಲ್ಕ ಇರಬಹುದು, ಆದರೆ ಅದನ್ನು ಅಧಿಸೂಚನೆಯಲ್ಲಿ ಹೇಳಿದ ಅಧಿಕೃತ ಮಾರ್ಗದಲ್ಲೇ ಕಟ್ಟಬೇಕು.
• ಅಧಿಸೂಚನೆಯ ಸಂಖ್ಯೆ, ದಿನಾಂಕ, ಹುದ್ದೆಗಳ ಮೀಸಲಾತಿ ವಿವರ ಇಲ್ಲದಿದ್ದರೆ ಅದು ನೇಮಕಾತಿ ಪ್ರಕಟಣೆಯೇ ಅಲ್ಲ.
• ಲಾಂಛನ ನೋಡಿ ನಂಬಬೇಡಿ, ಅದನ್ನು ಯಾರು ಬೇಕಾದರೂ ಅಂಟಿಸಬಹುದು. ಅರಣ್ಯ ಇಲಾಖೆಯ ಜಾಲತಾಣದಲ್ಲಿ ಅದೇ ಪ್ರಕಟಣೆ ಇದೆಯೇ ಎಂದು ಹುಡುಕಿ.
• ಈಗಾಗಲೇ ಹಣ ಕಳುಹಿಸಿದ್ದರೆ ನಾಚಿಕೊಂಡು ಸುಮ್ಮನಿರಬೇಡಿ. ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ, ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಕೊನೆಯದಾಗಿ

ನಮಗೆ ಸಂದೇಶ ಕಳುಹಿಸಿದ ಆ ಓದುಗರಿಗೆ ನಾವು ಹೇಳಿದ್ದು ಇಷ್ಟೇ: ಆ ದುಡ್ಡು ಕಟ್ಟಬೇಡಿ. ಅದರಲ್ಲಿ ಮಗಳಿಗೆ ಒಂದು ಜೊತೆ ಒಳ್ಳೆಯ ಓಟದ ಶೂ ಮತ್ತು ಹಕ್ಕಿಗಳ ಕೈಪಿಡಿ ಕೊಡಿಸಿ. ಬೆಳಿಗ್ಗೆ ಓಡಲಿ, ಪದವಿ ಓದಲಿ, ರಜೆಯಲ್ಲಿ ಮರ ಅಳೆಯಲಿ, ಅಧಿಸೂಚನೆ ಬಂದ ದಿನ ಅರ್ಜಿ ಹಾಕಲಿ. ಗಾರ್ಡ್ ಹುದ್ದೆಗೆ ಅವಳ ಪಿಯುಸಿ ಈಗಾಗಲೇ ಸಾಕು.

ಸುಳ್ಳು ಸಂದೇಶ ಕಸಿದುಕೊಳ್ಳುವುದು ಕೆಲವು ಸಾವಿರ ರೂಪಾಯಿಯನ್ನಷ್ಟೇ ಅಲ್ಲ. "ನನಗೆ ಸರ್ಟಿಫಿಕೇಟ್ ಇದೆ, ಕೆಲಸ ಬರುತ್ತದೆ" ಎಂದು ಕಾಯುತ್ತ ಕೂತ ಹುಡುಗ ನಿಜವಾದ ಅರ್ಜಿಯ ಕೊನೆಯ ದಿನಾಂಕವನ್ನೇ ತಪ್ಪಿಸಿಕೊಳ್ಳುತ್ತಾನೆ, ಅಷ್ಟರಲ್ಲಿ ವಯೋಮಿತಿಯೂ ಮೀರುತ್ತದೆ. ನಿಮ್ಮ ಗ್ರೂಪಿಗೆ ಆ ಸಂದೇಶ ಮತ್ತೆ ಬಂದರೆ, ಬೈಯಬೇಡಿ, ಜಗಳವಾಡಬೇಡಿ. ಅದರ ಕೆಳಗೆ ಈ ಲೇಖನವನ್ನು ಹಾಕಿ. ಕಾಡನ್ನು ಪ್ರೀತಿಸುವ ಮಕ್ಕಳು ನಮ್ಮ ಜಿಲ್ಲೆಗೆ ಬೇಕು, ಅವರು ದಾರಿ ತಪ್ಪದಿರಲಿ.